ರೊಟ್ಟಿ, ಕಾಳು, ಮಟನ್: 10 ಗ್ರಾಂ ಪ್ರೋಟೀನಿನ ಲೆಕ್ಕ

ಗೋಕಾಕದ ಸಂತೆಯಿಂದ ಒಂದು ಕಿಲೋ ಮಟನ್ ತಂದು ಆರು ಮಂದಿಯ ಮನೆ ಉಂಡಿತು ಎನ್ನಿ. ಕಿಲೋಕ್ಕೆ 700 ರೂಪಾಯಿ ಎಂದು ಹಿಡಿದರೆ ತಲೆಗೆ 117 ರೂಪಾಯಿ. ಎಲುಬು ಕಳೆದು ಒಬ್ಬೊಬ್ಬರಿಗೆ ಸುಮಾರು 115 ಗ್ರಾಂ ಮಾಂಸ, ಅದರಲ್ಲಿ 23 ಗ್ರಾಂ ಪ್ರೋಟೀನು. ವಾರಕ್ಕೊಮ್ಮೆ ಈ ಊಟವಾದರೆ ದಿನದ ಸರಾಸರಿ ಮೂರೂಕಾಲು ಗ್ರಾಂ. 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ 46 ಗ್ರಾಂ ಪ್ರೋಟೀನು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದೆ. ಅಂದರೆ ಮಾಂಸ ಉಣ್ಣುವ ಮನೆಯಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪ್ರೋಟೀನು ರೊಟ್ಟಿ, ಬ್ಯಾಳಿ, ಹಾಲಿನಿಂದಲೇ ಬರಬೇಕು.

2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟವರಲ್ಲಿ ಸಸ್ಯಾಹಾರಿಗಳು ಶೇ 21.1 ಮಾತ್ರ. ಲಿಂಗಾಯತರು, ಜೈನರು ಹೆಚ್ಚಿರುವ ಗೋಕಾಕ, ಮೂಡಲಗಿ, ಹುಕ್ಕೇರಿಯ ಊರುಗಳಲ್ಲಿ ಓಣಿಯಿಂದ ಓಣಿಗೆ ಊಟ ಬದಲಾಗುತ್ತದೆ. ಆದರೆ ಸೋಮವಾರ ಬಿಟ್ಟು, ಶನಿವಾರ ಬಿಟ್ಟು, ಶ್ರಾವಣವಿಡೀ ಬಿಟ್ಟು ಮಾಂಸ ಉಣ್ಣುವವರ ಗಂಗಾಳವೂ ವರ್ಷದ ಬಹುಪಾಲು ಸಸ್ಯಾಹಾರದ್ದೇ. ಹಾಗಾಗಿ ಯಾವುದು ಆರೋಗ್ಯಕರ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಮೊದಲು ಈ ಸಸ್ಯಾಹಾರದ ಗಂಗಾಳವನ್ನೇ ತೂಗಬೇಕು.

ತೂಗಲು ಸ್ಥಿರವಾದ ದರ ಬೇಕು. ಅಂಗಡಿಯ ದರ ದಿನಕ್ಕೊಂದು, ಊರಿಗೊಂದು. ಅದಕ್ಕೆ 2025-26ರ ಬೆಂಬಲ ಬೆಲೆಯನ್ನೇ ಹಿಡಿದಿದ್ದೇನೆ; ಕೊಳ್ಳುವವರು ಇದಕ್ಕಿಂತ ಹೆಚ್ಚು ಕೊಡುತ್ತಾರೆ, ಆದರೂ ಹೋಲಿಕೆಗೆ ಇದು ಸಾಕು. ಮಾಲ್ದಂಡಿ ಜೋಳ ಕ್ವಿಂಟಲ್‌ಗೆ 3,749 ರೂಪಾಯಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಹತ್ತಿರ ಹತ್ತಿರ 10 ಗ್ರಾಂ ಪ್ರೋಟೀನು. ಹಾಗಾದರೆ 10 ಗ್ರಾಂ ಪ್ರೋಟೀನಿಗೆ 3 ರೂಪಾಯಿ 75 ಪೈಸೆ. ಕಡಲೆಯಲ್ಲಿ ಅದು 3 ರೂಪಾಯಿ, ಹೆಸರುಕಾಳಿನಲ್ಲಿ 3 ರೂಪಾಯಿ 90 ಪೈಸೆ, ಸಿಪ್ಪೆ ಸುಲಿದ ಶೇಂಗಾದಲ್ಲಿ 4 ರೂಪಾಯಿ 40 ಪೈಸೆ. ತೊಗರಿ ಒಡೆಸಿ ಬ್ಯಾಳಿ ಮಾಡಿದರೆ ತೂಕ ಇಳಿಯುತ್ತದೆ, ಲೆಕ್ಕ 5 ರೂಪಾಯಿ ದಾಟುತ್ತದೆ. 6 ರೂಪಾಯಿಯ ಒಂದು ಮೊಟ್ಟೆಯಲ್ಲಿ ಸುಮಾರು ಆರೂವರೆ ಗ್ರಾಂ ಪ್ರೋಟೀನು, ಅಂದರೆ 10 ಗ್ರಾಂಗೆ 9 ರೂಪಾಯಿ ಚಿಲ್ಲರೆ. 2025ರ ಏಪ್ರಿಲ್‌ನಿಂದ ಲೀಟರಿಗೆ 46 ರೂಪಾಯಿಯಾದ ನಂದಿನಿ ಹಾಲಿನಲ್ಲಿ 14 ರೂಪಾಯಿ. ಮೇಲೆ ಹೇಳಿದ ಮಟನ್‌ನಲ್ಲಿ 51 ರೂಪಾಯಿ.

ಅಗ್ಗವಾದದ್ದೆಲ್ಲ ಸಮನಾಗಿ ಮೈಗೆ ಹತ್ತುವುದಿಲ್ಲ, ಇದನ್ನು ಒಪ್ಪಬೇಕು. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಕಾಳುಗಳಲ್ಲಿ ಅದು ಸಾಕಷ್ಟಿದೆ. ರೊಟ್ಟಿಯ ಜೊತೆ ಮಡಕಿಕಾಳು, ಝುಣಕ, ಮೇಲೊಂದಿಷ್ಟು ಶೇಂಗಾ ಹಿಂಡಿ ಇದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ಹಿರಿಯರ ಜೋಡಣೆ ಇದು, ಕೋಷ್ಟಕಗಳು ಬರುವ ಎಷ್ಟೋ ಕಾಲ ಮೊದಲಿನದು.

ಈಗ ಒಬ್ಬ ಹೆಂಗಸಿನ ಒಂದು ದಿನದ ಊಟ. ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಕಾಳು, 35 ಗ್ರಾಂ ಶೇಂಗಾದಂಥ ಬೀಜ, 300 ಮಿಲಿ ಹಾಲು, 400 ಗ್ರಾಂ ಕಾಯಿಪಲ್ಯ-ಸೊಪ್ಪು ಎನ್ನುತ್ತದೆ. ನಾಲ್ಕೈದು ಜೋಳದ ರೊಟ್ಟಿಗೆ 250 ಗ್ರಾಂ ಹಿಟ್ಟು: 25 ಗ್ರಾಂ ಪ್ರೋಟೀನು, 9 ರೂಪಾಯಿ 40 ಪೈಸೆ. ಹೆಸರುಕಾಳು 19 ಗ್ರಾಂ, 7 ರೂಪಾಯಿ 45 ಪೈಸೆ. ಶೇಂಗಾ 8 ಗ್ರಾಂ, 3 ರೂಪಾಯಿ 65 ಪೈಸೆ. ಇಲ್ಲಿಗೇ 52 ಗ್ರಾಂ ಆಯಿತು, ಬೇಕಾದ 46 ದಾಟಿತು, ಖರ್ಚು ಇಪ್ಪತ್ತೂವರೆ ರೂಪಾಯಿ. ಹಾಲು ಸೇರಿದರೆ 34 ರೂಪಾಯಿ. ಪ್ರೋಟೀನಿಗಾಗಿ ಮಾಂಸ ಉಣ್ಣಲೇಬೇಕು ಎಂಬ ಮಾತಿಗೆ ಈ ಗಂಗಾಳದ ಮುಂದೆ ಬಲವಿಲ್ಲ.

ಆದರೆ ಇದೇ ಗಂಗಾಳಕ್ಕೆ ಎರಡು ಕೊರತೆಗಳಿವೆ. ಅವನ್ನು ಮುಚ್ಚಿಟ್ಟು ಸಸ್ಯಾಹಾರವನ್ನು ಹೊಗಳುವುದು ನನ್ನಿಂದ ಆಗದು. ಒಂದು, ಬಿ12 ಜೀವಸತ್ವ. ನರಗಳಿಗೆ, ರಕ್ತಕ್ಕೆ ಬೇಕಾದ ಇದು ದಿನಕ್ಕೆ ಎರಡು ಮೈಕ್ರೋಗ್ರಾಂಗಿಂತ ತುಸು ಹೆಚ್ಚು ಬೇಕು. ಜೋಳದಲ್ಲಿ, ಕಾಳಿನಲ್ಲಿ, ಸೊಪ್ಪಿನಲ್ಲಿ ಸೊನ್ನೆ. 300 ಮಿಲಿ ಹಾಲು-ಮೊಸರಿನಿಂದ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆ, ಒಂದು ಮೊಟ್ಟೆಯಿಂದ ಕಾಲುಭಾಗ. ಒಂದು ಮೈಕ್ರೋಗ್ರಾಂಗೆ ಹಾಲಿನಲ್ಲೂ ಮೊಟ್ಟೆಯಲ್ಲೂ ಖರ್ಚು 10 ರೂಪಾಯಿಯ ಆಸುಪಾಸು, ಮಟನ್‌ನಲ್ಲಿ ಅದರ ಹಲವು ಪಟ್ಟು. ಕುರಿಯ ಕರುಳು-ಕಾಳಿಜದಲ್ಲಿ ಕಾಳಿಜ ಮಾತ್ರ ಬೇರೆಯೇ ಲೆಕ್ಕ, ಒಂದೆರಡು ತುಣುಕಿನಲ್ಲೇ ಹಲವು ದಿನಗಳ ಬಿ12 ಇರುತ್ತದೆ. ಹಾಲೂ ಇಲ್ಲದ, ಮೊಟ್ಟೆಯೂ ಇಲ್ಲದ ಸಸ್ಯಾಹಾರಿ ವೈದ್ಯರನ್ನು ಕೇಳಿ ಬಿ12 ಗುಳಿಗೆ ತೆಗೆದುಕೊಳ್ಳಲೇಬೇಕು.

ಶಾಲೆಯ ಮೊಟ್ಟೆಯ ಜಗಳವನ್ನೂ ಇದೇ ತಕ್ಕಡಿಯಲ್ಲಿ ಇಡಬೇಕು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾಯಿತು, ಮುಂದೆ ಇಡೀ ರಾಜ್ಯಕ್ಕೆ ಬಂತು; ತಿನ್ನದ ಮಕ್ಕಳಿಗೆ ಬಾಳೆಹಣ್ಣು, 2025ರ ಆರಂಭದವರೆಗೆ ಚಿಕ್ಕಿಯೂ ಇತ್ತು. ಶೇಂಗಾ ಚಿಕ್ಕಿಯ ಪ್ರೋಟೀನು ಮೊಟ್ಟೆಗೆ ಹತ್ತಿರ ಬರುತ್ತದೆ, ಬಾಳೆಹಣ್ಣಿನದು ಒಂದು ಗ್ರಾಮಿನಷ್ಟು. ಬಿ12 ಎರಡರಲ್ಲೂ ಇಲ್ಲ. ಜೈನ, ಲಿಂಗಾಯತ ಮನೆಯ ಮಗುವಿಗೆ ಅದನ್ನು ಕೊಡುವುದು 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ 150 ಮಿಲಿ ಹಾಲು. ಮೊಟ್ಟೆ ಬೇಡವೆನ್ನುವ ತಾಯಿ-ತಂದೆ ಆ ಲೋಟ ಖಾಲಿಯಾಯಿತೇ ಎಂದು ಮಗುವನ್ನು ದಿನಾ ಕೇಳಬೇಕು.

ಇನ್ನೊಂದು ಕೊರತೆ ಕಬ್ಬಿಣಾಂಶ. ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು. ಮೇಲಿನ ರೊಟ್ಟಿ, ಕಾಳು, ಶೇಂಗಾ ಸೇರಿ 15 ಮಿಲಿಗ್ರಾಂ. ಉಳಿದದ್ದು ಪುಂಡಿಪಲ್ಯ, ಮೆಂತೆ, ರಾಜಗಿರಿಯಿಂದ ಬರಬೇಕು. ಅದರಲ್ಲೂ ಮೈ ಹೀರಿಕೊಳ್ಳುವುದು ನೂರಕ್ಕೆ ಎಂಟರಷ್ಟು. ಮಾಂಸದ ಕಬ್ಬಿಣ ಇದರ ಎರಡು ಮೂರು ಪಟ್ಟು ಸುಲಭವಾಗಿ ಹತ್ತುತ್ತದೆ, ಅದು ಮಾಂಸದ ನಿಜವಾದ ಹೆಚ್ಚುಗಾರಿಕೆ. ಆದರೆ ಊಟದ ಮೇಲೆ ಹಿಂಡಿದ ಲಿಂಬೆ ಸೊಪ್ಪಿನ ಕಬ್ಬಿಣವನ್ನು ಒಳಕ್ಕೆ ಕರೆದೊಯ್ಯುತ್ತದೆ, ಊಟದ ಬೆನ್ನಿಗೇ ಕುಡಿದ ಚಹಾ ತಡೆಯುತ್ತದೆ. ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರವಿರಲಿ.

ಹೊರಗಿನ ದೊಡ್ಡ ಅಧ್ಯಯನಗಳೂ ಒಂದೇ ಕಡೆ ವಾಲುವುದಿಲ್ಲ. ಬ್ರಿಟನ್ನಿನಲ್ಲಿ 48,188 ಜನರನ್ನು 18 ವರ್ಷ ಗಮನಿಸಿ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸಸ್ಯಾಹಾರಿಗಳಿಗೆ ಹೃದ್ರೋಗ ಶೇ 22ರಷ್ಟು ಕಡಿಮೆ, ಲಕ್ವ ಶೇ 20ರಷ್ಟು ಹೆಚ್ಚು. ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ, ಅಂದರೆ ಸಾಸೇಜ್, ಬೇಕನ್‌ನಂಥದ್ದು, ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯವನ್ನು ಶೇ 18ರಷ್ಟು ಏರಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಘಟಕ 2015ರಲ್ಲಿ ಹೇಳಿತು. ವಾರಕ್ಕೊಮ್ಮೆ ಮನೆಯಲ್ಲಿ ಕುದಿಸಿದ ಮಟನ್ ಸಾರಿಗೆ ಆ ಅಂಕಿಯನ್ನು ಅಂಟಿಸುವುದು ಸರಿಯಲ್ಲ.

ನನ್ನ ಚಿಂತೆ ಬೇರೆ ಕಡೆ ಇದೆ. ರೊಟ್ಟಿಯೇ ಗಂಗಾಳದಿಂದ ಸರಿಯುತ್ತಿದೆ, ಜೋಳದ ಹೊಲಕ್ಕೆ ಕಬ್ಬು ಬರುತ್ತಿದೆ. ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಕುಳಿತು, 2025ರ ನವೆಂಬರ್‌ನಲ್ಲಿ 3,300ಕ್ಕೆ ಒಪ್ಪಿದರು. ಎಕರೆಗೆ 40 ಟನ್ ಬಂದರೆ 1,32,000 ರೂಪಾಯಿ. ಅದೇ ಎಕರೆಯಲ್ಲಿ 8 ಕ್ವಿಂಟಲ್ ಜೋಳ ಬೆಳೆದರೆ 30,000. ಕಬ್ಬಿಗೆ ಖರ್ಚು, ನೀರು, ಕಾಲ ಎಲ್ಲ ಹೆಚ್ಚು, ಆದರೂ ಘಟಪ್ರಭೆಯ ಕಾಲುವೆ ಹರಿಯುವ ಹೊಲದಲ್ಲಿ ಯಾರು ಯಾವುದನ್ನು ಆರಿಸುತ್ತಾರೆ ಎಂಬುದು ಸ್ಪಷ್ಟ. ಜೋಳ ಕೊಂಡು ತರಬೇಕಾದ ವಸ್ತುವಾಯಿತು, ಪಡಿತರದ ಅಕ್ಕಿ ಪುಕ್ಕಟೆ ಬಂತು. 2025ರಲ್ಲಿ ಕೊಟ್ಟಂತೆ ತಲೆಗೆ ತಿಂಗಳಿಗೆ 10 ಕಿಲೋ ಅಕ್ಕಿ ಅಂದರೆ ದಿನಕ್ಕೆ 333 ಗ್ರಾಂ. ಅಷ್ಟು ಜೋಳದಲ್ಲಿ 13 ಮಿಲಿಗ್ರಾಂ ಕಬ್ಬಿಣವಿದ್ದರೆ ಅಷ್ಟು ಬಿಳಿ ಅಕ್ಕಿಯಲ್ಲಿ ಸುಮಾರು 2. ಈ ನಷ್ಟ ಸಸ್ಯಾಹಾರಿಗೂ ಮಾಂಸಾಹಾರಿಗೂ ಒಂದೇ. ಇಂಥ ಕೊರತೆ ತುಂಬಲೆಂದು ಪಡಿತರ ಅಕ್ಕಿಯಲ್ಲಿ ನೂರು ಕಾಳಿಗೊಂದರಂತೆ ಕಬ್ಬಿಣ, ಬಿ12 ಸೇರಿಸಿದ ಕಾಳು ಬೆರೆಸುತ್ತಾ ಬಂದಿದ್ದಾರೆ. ತೊಳೆಯುವಾಗ ತೇಲುವ ಆ ಕಾಳನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಹೆಕ್ಕಿ ಚೆಲ್ಲುವ ಮನೆಗಳುಂಟು. ಅದು ಪ್ಲಾಸ್ಟಿಕ್ ಅಲ್ಲ, ಅಕ್ಕಿ ಹಿಟ್ಟಿನದೇ ಕಾಳು, ದಯವಿಟ್ಟು ಚೆಲ್ಲಬೇಡಿ.

ಕೊನೆಯ ಎರಡು ಅಂಕಿಗಳು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವು. ಕರ್ನಾಟಕದ 15ರಿಂದ 49 ವಯಸ್ಸಿನ ಗಂಡಸರಲ್ಲಿ ರಕ್ತಹೀನತೆ ಶೇ 19.6, ಹೆಂಗಸರಲ್ಲಿ ಶೇ 47.8. ಒಲೆ ಒಂದೇ, ರೊಟ್ಟಿ ಒಂದೇ. ಮುಟ್ಟು, ಬಸಿರು, ಬಾಣಂತನದಲ್ಲಿ ಹೋಗುವ ಕಬ್ಬಿಣದ ಜೊತೆಗೆ ಎಲ್ಲರದ್ದಾದ ಮೇಲೆ ಉಳಿದದ್ದನ್ನು ಉಣ್ಣುವ ರೂಢಿಯೂ ಸೇರಿದೆ. ಮಟನ್ ತಂದ ದಿನವೂ ಅವಳ ಪಾಲಿಗೆ ಬರುವುದು ಹೆಚ್ಚಾಗಿ ರಸವೇ. ಹುಕ್ಕೇರಿಯ ಹಳ್ಳಿಯಲ್ಲಿ ಬೆಳಗಿನ ಜಾವ ಎದ್ದು ಎಮ್ಮೆ ಹಿಂಡುವವಳೂ ಅವಳೇ. ಕ್ಯಾನು ಡೇರಿಗೆ ಹೋಗುವ ಮೊದಲು ಅವಳಿಗೆಂದು ತೆಗೆದಿಡಬೇಕಾದ ಹಾಲು 300 ಮಿಲಿ. ನಂದಿನಿಯ ದರದಲ್ಲಿ 13 ರೂಪಾಯಿ 80 ಪೈಸೆ.