ಸೊಪ್ಪಿನ ಪಾತಿಗೆ ಮಾಗಿದ ಗೊಬ್ಬರ

ಹರಿವೆ, ಮೆಂತ್ಯ, ಕೊತ್ತಂಬರಿ ಮುಂತಾದ ಸೊಪ್ಪುಗಳು ಅಲ್ಪಕಾಲದ ಬೆಳೆಗಳು. ಬಿತ್ತಿದ ಒಂದು ಒಂದೂವರೆ ತಿಂಗಳೊಳಗಾಗಿ ಕೊಯ್ಲಿಗೆ ಬರುವುವು. ಇವುಗಳ ಎಲೆಯು ನೆಲಕ್ಕೆ ಅತಿ ಸಮೀಪವಾಗಿರುವುದು. ಕೊತ್ತಂಬರಿಯಂಥವನ್ನು ಹಸಿಯಾಗಿಯೇ ತಿನ್ನುವ ವಾಡಿಕೆಯೂ ಉಂಟು. ಆದಕಾರಣ ಇವಕ್ಕೆ ಎಂಥ ಗೊಬ್ಬರವನ್ನು ಹಾಕಬೇಕೆಂಬುದು ಇಳುವರಿಗೆ ಮಾತ್ರವಲ್ಲದೆ ಉಣ್ಣುವವರ ಆರೋಗ್ಯಕ್ಕೂ ಸಂಬಂಧಪಟ್ಟ ವಿಷಯವಾಗಿದೆ.

ಹಸಿಗೊಬ್ಬರದ ಅಪಾಯ.— ಹಸಿ ಸಗಣಿಯಲ್ಲಿಯೂ ಕೋಳಿಯ ಹಿಕ್ಕೆಯಲ್ಲಿಯೂ ಭೇದಿಯನ್ನುಂಟುಮಾಡುವ ಸೂಕ್ಷ್ಮಜೀವಿಗಳಿರಬಹುದು. ಮನುಷ್ಯರ ಮಲವು ಬೆರೆತ ತಿಪ್ಪೆಯಲ್ಲಿ ಜಂತುಹುಳುವಿನ ಮೊಟ್ಟೆಗಳಿರಬಹುದು. ಇವು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರಬಲ್ಲವು. ಮಳೆಯ ಹನಿಯಿಂದ ಮಣ್ಣು ಸಿಡಿದು ಎಲೆಗೆ ಅಂಟಿದರೆ ಇವೂ ಅದರೊಡನೆ ಅಂಟುವುವು. ಹಸಿಗೊಬ್ಬರವನ್ನು ಹಾಕಿದಲ್ಲಿ, ತಿನ್ನುವ ಭಾಗವು ಮಣ್ಣಿಗೆ ತಾಗುವ ಬೆಳೆಯನ್ನು ಕೊಯ್ಯಲು 120 ದಿನ ಕಳೆಯಬೇಕೆಂದು ಅಮೆರಿಕಾ ದೇಶದ ಸಾವಯವ ಬೇಸಾಯದ ನಿಯಮಗಳು ವಿಧಿಸುತ್ತವೆ. ಒಂದು ತಿಂಗಳಲ್ಲಿ ಕೈಗೆ ಬರುವ ಮೆಂತ್ಯಕ್ಕೆ ಅಷ್ಟು ಆಯುಸ್ಸೆಲ್ಲಿಯದು? ಪಾತಿಯಲ್ಲಿ ಕಾಯಲು ಆಗದಿರುವುದರಿಂದ, ಕಾಯುವುದನ್ನೆಲ್ಲ ಗುಂಡಿಯಲ್ಲಿಯೇ ಮುಗಿಸಬೇಕು.

ತಿಪ್ಪೆಯ ದೋಷ.— ಹಳೆಯ ತಿಪ್ಪೆಯು ಕಪ್ಪಗೆ ಕಂಡ ಮಾತ್ರಕ್ಕೆ ಮಾಗಿದೆಯೆಂದು ತಿಳಿಯಕೂಡದು. ದಿನವೂ ಹೊಸ ಸಗಣಿ ಬೀಳುವ ತಿಪ್ಪೆಯಲ್ಲಿ ಹಳೆಯದೂ ಹೊಸದೂ ಬೆರೆತೇ ಇರುವುವು. ಆದಕಾರಣ ಎರಡು ಗುಂಡಿಗಳು ಅವಶ್ಯಕ. ಒಂದನ್ನು ತುಂಬುತ್ತಿರುವಾಗ ಇನ್ನೊಂದನ್ನು ಏನೂ ಹಾಕದೆ ಮಾಗಲು ಬಿಡತಕ್ಕದ್ದು.

ತಯಾರಿಸುವ ಕ್ರಮ.— ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಎಂಬುವರು ಇಂದೋರಿನಲ್ಲಿ ರೂಪಿಸಿ 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಕ್ರಮವು ಸೊಪ್ಪಿನ ಬೆಳೆಗಾರರಿಗೆ ಅನುಕೂಲವಾದುದು. ಗುಂಡಿಯು ಬಾವಿಗೆ ದೂರವಾಗಿ, ಮಳೆಯ ನೀರು ನಿಲ್ಲದ ಕಡೆ ಇರಬೇಕು. ಅದರ ಬಸಿನೀರು ಬಾವಿಯ ಕಡೆಗೆ ಹರಿಯಕೂಡದು. ಒಣ ಕಸಕಡ್ಡಿ, ಹಸಿರು ಸೊಪ್ಪು, ಗಂಜಲ ನೆನೆದ ಕೊಟ್ಟಿಗೆಯ ಮಣ್ಣು, ಸಗಣಿ, ಸ್ವಲ್ಪ ಬೂದಿ, ಇವನ್ನು ಪದರ ಪದರವಾಗಿ ಸುಮಾರು 3 ಅಡಿ ಎತ್ತರಕ್ಕೆ ತುಂಬಬೇಕು. ಹಿಡಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮನುಷ್ಯರ ಮಲ, ಗಾಜು, ಪ್ಲಾಸ್ಟಿಕ್ಕು, ಹಳೆಯ ಬ್ಯಾಟರಿ ಬೆರೆತ ಪಟ್ಟಣದ ಕಸವನ್ನು ಇದಕ್ಕೆ ಸೇರಿಸಲೇಕೂಡದು.

ಕೆಲವೇ ದಿನಗಳಲ್ಲಿ ರಾಶಿಯ ಒಡಲು ಕಾಯುವುದು. ಈ ಶಾಖವು 55 ಡಿಗ್ರಿ ಸೆಂಟಿಗ್ರೇಡಿಗೆ ಏರಿ ಹಲವು ದಿನ ನಿಂತರೆ ರೋಗಕಾರಕಗಳಲ್ಲಿ ಬಹುಪಾಲು ನಾಶವಾಗುವುವು. ಕಬ್ಬಿಣದ ಹಾರೆಯನ್ನು ನಡುವೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ, ತುದಿಯನ್ನು ಹಿಡಿಯಲಾಗದಷ್ಟು ಬಿಸಿಯಾಗಿರಬೇಕು. ಆದರೆ ಅಂಚಿಗೂ ಮೇಲ್ಭಾಗಕ್ಕೂ ಈ ಶಾಖವು ತಲಪುವುದಿಲ್ಲ. ಆದುದರಿಂದ ತುಂಬಿದ 15 ದಿನಗಳಿಗೆ ಒಮ್ಮೆ, ಪುನಃ 15 ದಿನಗಳಿಗೆ ಒಮ್ಮೆ, ಅನಂತರ ಒಂದು ತಿಂಗಳಿಗೆ ಒಮ್ಮೆ, ಹೊರಗಿನದು ಒಳಕ್ಕೆ ಬರುವಂತೆ ಮಗುಚಿ ನೀರು ಚಿಮುಕಿಸಬೇಕು. ಮಗುಚುವ ಶ್ರಮಕ್ಕೆ ಬೇಸರಪಟ್ಟವನ ರಾಶಿಯಲ್ಲಿ ಅರ್ಧ ಗೊಬ್ಬರ, ಅರ್ಧ ಅಪಾಯ ಉಳಿಯುವುದು. ಸುಮಾರು ಮೂರು ತಿಂಗಳಿಗೆ ರಾಶಿಯು ತಣ್ಣಗಾಗಿ, ಪುಡಿಪುಡಿಯಾಗಿ, ದುರ್ವಾಸನೆ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬರುವುದು.

ಉಪಯೋಗಿಸುವ ಬಗೆ.— ಎಕರೆಗೆ ಸುಮಾರು 10 ಟನ್ನಿನ ಮೇರೆಗೆ, ಎಂದರೆ ಗುಂಟೆಗೆ 250 ಕಿಲೋಗ್ರಾಮಿನಷ್ಟನ್ನು, ಬಿತ್ತುವುದಕ್ಕೆ ಮುಂಚೆಯೇ ಮಣ್ಣಿನಲ್ಲಿ ಬೆರಸಬೇಕು. ಬೆಳೆದು ನಿಂತ ಸೊಪ್ಪಿನ ಮೇಲೆ ಸಗಣಿಯ ನೀರನ್ನು ಎರಚಕೂಡದು. ಹಸಿ ಸಗಣಿಯನ್ನು ಹೊತ್ತ ಮಂಕರಿಯಲ್ಲಿ ಮಾಗಿದ ಗೊಬ್ಬರವನ್ನಾಗಲಿ ಕೊಯ್ದ ಸೊಪ್ಪನ್ನಾಗಲಿ ತುಂಬಕೂಡದು. ಸೊಪ್ಪನ್ನು ಶುದ್ಧವಾದ ನೀರಿನಲ್ಲಿಯೇ ತೊಳೆಯಬೇಕು. ಚರಂಡಿಯ ನೀರಿನಲ್ಲಿ ತೊಳೆದರೆ ಮೂರು ತಿಂಗಳ ಶ್ರಮವು ಒಂದು ಗಳಿಗೆಯಲ್ಲಿ ವ್ಯರ್ಥವಾಗುವುದು.

ಗ್ರಾಮದ ಮುಖಂಡರು ಮೊದಲು ತಮ್ಮ ಹಿತ್ತಲಿನಲ್ಲಿಯೇ ಈ ಜೋಡಿ ಗುಂಡಿಗಳನ್ನು ತೆಗೆಸಿ ಇತರರಿಗೆ ತೋರಿಸುವುದು ಉತ್ತಮ. ಸಂತೆಯಲ್ಲಿ ಸೊಪ್ಪನ್ನು ಕೊಳ್ಳುವವರಿಗೆ ಅದರ ಹಸಿರು ಮಾತ್ರ ಕಾಣುವುದು, ಗೊಬ್ಬರದ ಗುಂಡಿ ಕಾಣದು. ಅವರು ನಂಬಿಕೆಯಿಂದ ಕೊಂಡು ಮಕ್ಕಳಿಗೆ ಉಣಿಸುತ್ತಾರೆ. ಆ ನಂಬಿಕೆಯನ್ನು ಉಳಿಸುವುದು ಬೆಳೆಯುವವರ ಕೈಯಲ್ಲಿದೆ.