ತಡ ಯಾರ ಲೆಕ್ಕಕ್ಕೆ?

ಕಳೆದ ಬೇಸಿಗೆ ರಜೆಯಲ್ಲಿ ಕೆ.ಆರ್. ಪುರದಿಂದ ಇಂದಿರಾನಗರದ ನಮ್ಮ ಮನೆಗೆ ಬಂದಿದ್ದ 12 ವರ್ಷದ ಮೊಮ್ಮಗ ನನಗೆ ‘ಡಿ’ ದರ್ಜೆ ಕೊಡಿಸಿದ. ಮೂರೂವರೆ ದಶಕ ಸರ್ಕಾರಿ ಸೇವೆಯಲ್ಲಿದ್ದು, ಪ್ರತಿ ವರ್ಷ ಹತ್ತಾರು ಮಂದಿ ಅಧೀನ ನೌಕರರಿಗೆ ದರ್ಜೆ ಹಂಚುತ್ತಿದ್ದ ನನಗೆ ಇದು ಹೊಸ ಅನುಭವ. ಅವನ ಲ್ಯಾಪ್‌ಟಾಪಿನಲ್ಲಿದ್ದದ್ದು ‘ಓಸು’ ಎಂಬ ತಾಳದ ಆಟ. ಹಾಡು ನಡೆಯುತ್ತಿರುವಂತೆ ಪರದೆಯ ಮೇಲೆ ವೃತ್ತಗಳು ಮೂಡುತ್ತವೆ. ತಾಳದ ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ವೃತ್ತದ ಮೇಲೆ ಬಾಣದ ಗುರುತನ್ನಿರಿಸಿ ಗುಂಡಿಯೊತ್ತಬೇಕು. ಚಿಕ್ಕಂದಿನಲ್ಲಿ ಮೃದಂಗ ಕಲಿತು ಜೂನಿಯರ್ ಪರೀಕ್ಷೆಯನ್ನೂ ಮುಗಿಸಿದವನು ನಾನು. ಇದೇನು ಮಹಾ ಎಂದು ಕುಳಿತೆ. ಹಾಡು ಮುಗಿದಾಗ ಪರದೆಯ ಮೇಲೆ ದೊಡ್ಡದೊಂದು ‘ಡಿ’ ನಿಂತಿತ್ತು.

ಇಂಥ ಆಟಗಳ ಚರಿತ್ರೆ ದೀರ್ಘವಾದದ್ದೇನಲ್ಲ. 1996ರಲ್ಲಿ ಜಪಾನಿನಲ್ಲಿ ಬಂದ ‘ಪರಪ್ಪ ದಿ ರ‍್ಯಾಪರ್’ ಇವುಗಳಲ್ಲಿ ಮೊದಲಿಗೆ ಹೆಸರಾದದ್ದು. ಹೆಸರು ಕೇಳಿ ನಮ್ಮ ಪರಪ್ಪನ ಅಗ್ರಹಾರದ ಕಡೆಯವನೆಂದು ಯಾರೂ ಭಾವಿಸಬೇಕಿಲ್ಲ. ಆತ ಕಾಗದದಂತೆ ತೆಳ್ಳಗಿರುವ ಒಂದು ನಾಯಿಮರಿ. 1998ರಲ್ಲಿ ಕೊನಾಮಿ ಕಂಪನಿ ತಂದ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಕೈಯ ಕೆಲಸವನ್ನು ಕಾಲಿಗೆ ವಹಿಸಿತು. ಆಸ್ಟ್ರೇಲಿಯಾದ ಡೀನ್ ಹರ್ಬರ್ಟ್ 2007ರಲ್ಲಿ ಬಿಡುಗಡೆ ಮಾಡಿದ ‘ಓಸು’ವನ್ನು ಯಾರು ಬೇಕಾದರೂ ಹಣ ತೆರದೆ ಆಡಬಹುದು. ಈ ಎಲ್ಲ ಆಟಗಳ ತಿರುಳು ಒಂದೇ: ಬೀಳಬೇಕಾಗಿದ್ದ ಕ್ಷಣಕ್ಕೂ ನಿಜವಾಗಿ ಬಿದ್ದ ಕ್ಷಣಕ್ಕೂ ಇರುವ ಅಂತರವನ್ನು ಅಳೆದು ತೀರ್ಪು ಕೊಡುವುದು.

‘ಓಸು’ವಿನ ತೀರ್ಪಿನ ಕ್ರಮ ನೋಡಿ. ಪ್ರತಿಯೊಂದು ಪೆಟ್ಟಿಗೆ 300, 100, 50 ಅಥವಾ ಸೊನ್ನೆ ಅಂಕ. ಹಾಡಿನ ಕಠಿಣತೆಗೆ ತಕ್ಕಂತೆ ಸೊನ್ನೆಯಿಂದ 10ರವರೆಗೆ ಒಂದು ಸಂಖ್ಯೆ ನಿಗದಿಯಾಗಿರುತ್ತದೆ. ಅದು 5 ಆಗಿದ್ದರೆ, ಸರಿಯಾದ ಕ್ಷಣದಿಂದ ಹಿಂದೆ ಅಥವಾ ಮುಂದೆ 50 ಮಿಲಿಸೆಕೆಂಡಿನೊಳಗೆ ಬಿದ್ದ ಪೆಟ್ಟಿಗೆ 300, 100 ಮಿಲಿಸೆಕೆಂಡಿನೊಳಗಾದರೆ 100, 150ರೊಳಗಾದರೆ 50. ಕಠಿಣತೆ 10ಕ್ಕೇರಿದರೆ ಮೊದಲನೆಯ ಕಿಟಕಿ ಕೇವಲ 20 ಮಿಲಿಸೆಕೆಂಡಿಗೆ ಕಿರಿದಾಗುತ್ತದೆ. ಸೊನ್ನೆಗಿಳಿದರೆ 80ಕ್ಕೆ ಹಿಗ್ಗುತ್ತದೆ. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮಿಲಿಸೆಕೆಂಡು. ನಾವು ಕಣ್ಣು ಮಿಟುಕಿಸುವುದಕ್ಕೇ ಅಂಥ ನೂರಕ್ಕೂ ಹೆಚ್ಚು ಪಾಲು ಬೇಕು.

ಬಿಡಿ ಪೆಟ್ಟುಗಳ ಅಂಕದಿಂದ ಕೊನೆಯ ದರ್ಜೆ ಹುಟ್ಟುವ ರೀತಿ ಇನ್ನೂ ಕುತೂಹಲಕರ. ಈ ಆಟದಲ್ಲಿ ಬಹುಕಾಲ ನಡೆದುಬಂದ ನಿಯಮದಂತೆ ‘ಎಸ್’ ದರ್ಜೆ ಬೇಕಾದರೆ ಶೇ 90ಕ್ಕಿಂತ ಹೆಚ್ಚು ಪೆಟ್ಟುಗಳಿಗೆ 300 ಅಂಕ ಬಂದಿರಬೇಕು. 50 ಅಂಕದವು ಶೇ 1ಕ್ಕಿಂತ ಕಡಿಮೆ ಇರಬೇಕು. ಒಂದು ಪೆಟ್ಟೂ ತಪ್ಪಿಹೋಗಿರಕೂಡದು. 500 ಪೆಟ್ಟುಗಳ ಒಂದು ಹಾಡನ್ನು ಇಬ್ಬರು ಆಡಿದರೆಂದುಕೊಳ್ಳಿ. ಮೊದಲನೆಯವನಿಗೆ 470 ಪೆಟ್ಟಿಗೆ 300, ಉಳಿದ 30ಕ್ಕೆ ತಲಾ 100. ಅವನ ನಿಖರತೆ ಶೇ 96. ಎರಡನೆಯವನಿಗೆ 490 ಪೆಟ್ಟಿಗೆ 300, ಒಂಬತ್ತಕ್ಕೆ 100, ಒಂದು ಮಾತ್ರ ತಪ್ಪಿಹೋಯಿತು. ಅವನ ನಿಖರತೆ ಶೇ 98.6. ಆದರೂ ಮೊದಲನೆಯವನಿಗೆ ‘ಎಸ್’, ಎರಡನೆಯವನಿಗೆ ‘ಎ’. ಹೆಚ್ಚು ನಿಖರವಾಗಿ ನುಡಿಸಿದವನು ಕೆಳಗೆ, ಕಡಿಮೆ ನಿಖರನಾದವನು ಮೇಲೆ!

ಇದು ಅನ್ಯಾಯವೇ? ಅರ್ಥಶಾಸ್ತ್ರ ಓದಿದ ನನಗೆ ಹಾಗೆ ಥಟ್ಟನೆ ಹೇಳಲು ಮನಸ್ಸಾಗಲಿಲ್ಲ. ಒಂದೂ ತಪ್ಪದ ನಿರಂತರತೆ ಮೇಲೋ, ಒಟ್ಟಾರೆ ನಿಖರತೆ ಮೇಲೋ ಎಂಬುದು ಗಣಿತದ ಪ್ರಶ್ನೆಯಲ್ಲ, ಮೌಲ್ಯದ ಪ್ರಶ್ನೆ. ಯಾವುದೇ ದರ್ಜೆ ಪದ್ಧತಿಯೊಳಗೆ ಇಂಥದೊಂದು ಆಯ್ಕೆ ಅಡಗಿ ಕುಳಿತಿರುತ್ತದೆ. 50 ಮಿಲಿಸೆಕೆಂಡಿಗೆ 300 ಅಂಕ, 51ಕ್ಕೆ 100 ಎನ್ನುವಾಗ ಆ ಒಂದು ಮಿಲಿಸೆಕೆಂಡಿನಲ್ಲಿ ಆಟಗಾರನ ಯೋಗ್ಯತೆ ಮೂರನೆಯ ಒಂದು ಪಾಲಿಗೆ ಕುಸಿದಿರುವುದಿಲ್ಲ. ಪಡಿತರ ಚೀಟಿಯ ಆದಾಯ ಮಿತಿಯನ್ನು ಒಂದು ರೂಪಾಯಿ ದಾಟಿದ ಕುಟುಂಬ ಆ ಒಂದು ರೂಪಾಯಿಯಿಂದ ಸಿರಿವಂತವಾಗಿರುವುದಿಲ್ಲವಷ್ಟೆ. ಗೆರೆಯೆಳೆಯದೆ ಆಡಳಿತ ನಡೆಯದು, ನಿಜ. ಆದರೆ ಎಲ್ಲಿ ಎಳೆದಿದ್ದೇವೆ ಎಂಬುದನ್ನು ಮೊದಲೇ ಸಾರಿ ಹೇಳುವುದು ಗೆರೆಯೆಳೆದವರ ಕರ್ತವ್ಯ. ಆಟ ಅದನ್ನು ಹೇಳುತ್ತದೆ.

ತಾಳವನ್ನು ಪರೀಕ್ಷಿಸಿ ದರ್ಜೆ ಕೊಡುವುದು ಕನ್ನಡಿಗರಿಗೆ ಹೊಸದಲ್ಲ. ನಮ್ಮ ರಾಜ್ಯದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ದಶಕಗಳ ಕಾಲ ತಾಳವಾದ್ಯಕ್ಕೂ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ನಡೆಸಿದೆ. ಅಲ್ಲಿ ಅಳೆಯುತ್ತಿದ್ದುದು ಯಂತ್ರವಲ್ಲ, ಎದುರಿಗೆ ಕುಳಿತು ತೊಡೆಯ ಮೇಲೆ ತಾಳ ಹಾಕುತ್ತಿದ್ದ ವಿದ್ವಾಂಸರ ಕೈ. ಹಾಡನ್ನು ತಾಳಕ್ಕಿಂತ ಮೊದಲು ಅಥವಾ ಅನಂತರ ಎತ್ತಿಕೊಳ್ಳುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಅತೀತ, ಅನಾಗತ ಎಂಬ ಹೆಸರುಗಳೇ ಇವೆ, ಅವು ದೋಷಗಳಲ್ಲ. ಹಿಂದೆಮುಂದೆ ಆದದ್ದೆಲ್ಲ ತಪ್ಪಲ್ಲ, ಏಕೆ ಆಯಿತೆಂದು ತಿಳಿಯಬೇಕು ಎಂಬ ವಿವೇಕ ಆ ಹೆಸರುಗಳಲ್ಲಿದೆ.

ಇನ್ನೊಂದು ವಿಷಯವನ್ನೂ ನೆನೆಯಬೇಕು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಸಭಾಭವನದಲ್ಲಿ ವೇದಿಕೆಯಿಂದ 17 ಮೀಟರ್ ದೂರದಲ್ಲಿ ಕುಳಿತ ರಸಿಕನಿಗೆ ಮೃದಂಗದ ಪೆಟ್ಟು ಕೇಳಿಸುವುದು ಸುಮಾರು 50 ಮಿಲಿಸೆಕೆಂಡು ತಡವಾಗಿ. ಅದಕ್ಕೆ ಸರಿಯಾಗಿ ಅವನು ಕೈತಟ್ಟಿದರೆ, ವೇದಿಕೆಯ ಗಡಿಯಾರದ ಪ್ರಕಾರ ಅವನು 300 ಅಂಕದ ಕಿಟಕಿಯ ಅಂಚಿಗೆ ಬಂದುಬಿಟ್ಟ. ಲಯಜ್ಞಾನದಲ್ಲಿ ಅವನದೇನೂ ಕೊರತೆಯಿಲ್ಲ. ತಡ ಆದದ್ದು ನಡುವಿನ ದಾರಿಯಲ್ಲಿ.

ನನಗೆ ಬಂದ ‘ಡಿ’ಯ ರಹಸ್ಯವೂ ಅದೇ ಆಗಿತ್ತು. ಪರದೆಯ ಕೆಳಗೊಂದು ಪಟ್ಟಿಯಿದೆ; ಬೇಗ ಬಿದ್ದ ಪೆಟ್ಟಿನ ಗುರುತು ಎಡಕ್ಕೆ, ತಡವಾದದ್ದರದು ಬಲಕ್ಕೆ. ನನ್ನವೆಲ್ಲ ಬಲಗಡೆ ಒಂದೇ ಕಡೆ ಗುಂಪುಗೂಡಿದ್ದವು. ಮೊಮ್ಮಗ ಅದನ್ನು ನೋಡಿ, ‘ತಾತ, ನೀವು ಎಲ್ಲದಕ್ಕೂ ಒಂದೇ ಥರ ಲೇಟು. ತಾಳ ತಪ್ಪಿದ್ರೆ ಅಲ್ಲೊಂದು ಇಲ್ಲೊಂದು ಬೀಳ್ತಿತ್ತು. ಇದು ನಿಮ್ಮ ತಪ್ಪಲ್ಲ, ಸ್ಪೀಕರ್‌ದು’ ಎಂದ. ನನಗೆ ಚೆನ್ನಾಗಿ ಕೇಳಲೆಂದು ಬ್ಲೂಟೂತ್ ಸ್ಪೀಕರ್ ಜೋಡಿಸಿದ್ದೆವು. ಅಂಥ ಸ್ಪೀಕರ್‌ಗಳು ಧ್ವನಿಯನ್ನು ಕುಗ್ಗಿಸಿ, ಕಳಿಸಿ, ಮತ್ತೆ ಬಿಡಿಸಿ ಕೇಳಿಸುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದೆರಡು ಪಾಲು ಕಳೆದಿರುತ್ತದೆ. ನಾನು ಕಣ್ಣಿಗಿಂತ ಕಿವಿಯನ್ನು ನಂಬಿ ಒತ್ತಿದ್ದೆ. ನನ್ನ ಸರಾಸರಿ ತಡ 120 ಮಿಲಿಸೆಕೆಂಡು ಎಂದು ಆಟವೇ ಲೆಕ್ಕ ಹೇಳಿತು. ಹುಡುಗ ಅಷ್ಟನ್ನು ಕಳೆಯುವಂತೆ ಹೊಂದಾಣಿಕೆ ಮಾಡಿ ಮತ್ತೆ ಆಡಿಸಿದ. ಬೆರಳು ಅದೇ, ಕಿವಿ ಅದೇ, ಹಾಡು ಅದೇ. ಈ ಸಲ ‘ಸಿ’ ಬಂತು. ದೊಡ್ಡ ಸಾಧನೆಯೇನಲ್ಲ, ಆದರೆ ಅದು ನನ್ನದೇ ದರ್ಜೆ.

ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ನೆನಪಾದದ್ದು 1990ರ ದಶಕದ ಕೊನೆಯಲ್ಲಿ ದಂಡು ಪ್ರದೇಶದ ಒಂದು ಕಚೇರಿಗೆ ನಾನು ಮುಖ್ಯಸ್ಥನಾಗಿದ್ದ ದಿನಗಳು. ಬೆಳಿಗ್ಗೆ ಹತ್ತಕ್ಕೆ ಕಚೇರಿ ಆರಂಭ, ಹತ್ತು ನಿಮಿಷ ರಿಯಾಯಿತಿ. ಹತ್ತೂ ಹತ್ತಕ್ಕೆ ಹಾಜರಿ ಪುಸ್ತಕ ನನ್ನ ಮೇಜಿಗೆ ಬರುತ್ತಿತ್ತು. ಅನಂತರ ಬಂದವರ ಹೆಸರಿನ ಮುಂದೆ ಕೆಂಪು ಶಾಯಿಯ ಗುರುತು. ಮೂರು ಗುರುತಿಗೆ ಒಂದು ಸಾಂದರ್ಭಿಕ ರಜೆ ಕಡಿತ, ಇದು ನಾನು ಹಾಕಿಕೊಂಡಿದ್ದ ಕ್ರಮ. ಹೊಸಕೋಟೆ ಕಡೆಯಿಂದ ಬರುತ್ತಿದ್ದ ಪ್ರಥಮ ದರ್ಜೆ ಸಹಾಯಕರೊಬ್ಬರ ಹೆಸರಿನ ಮುಂದೆ ಆ ಗುರುತು ಹೆಚ್ಚು. ಕಡತ ಬರೆಯುವುದರಲ್ಲಿ ಅವರನ್ನು ಮೀರಿಸುವವರು ನಮ್ಮಲ್ಲಿರಲಿಲ್ಲ. ಸಂಜೆ ಏಳರವರೆಗೂ ಕುಳಿತಿರುತ್ತಿದ್ದರು. ಸಂಜೆಯ ಆ ಹೊತ್ತನ್ನು ಬರೆದಿಡಲು ನಮ್ಮಲ್ಲಿ ಯಾವ ಪುಸ್ತಕವೂ ಇರಲಿಲ್ಲ.

ಅವರ ಬಸ್ಸು ಶಿವಾಜಿನಗರ ತಲುಪಬೇಕಾದರೆ ಕೆ.ಆರ್. ಪುರದ ರೈಲ್ವೆ ಗೇಟು ದಾಟಬೇಕಿತ್ತು. 2003ರಲ್ಲಿ ಅಲ್ಲಿ ತೂಗುಸೇತುವೆ ಸಂಚಾರಕ್ಕೆ ತೆರೆಯುವ ತನಕ ಆ ಗೇಟಿನ ಮುಂದೆ ನಿಲ್ಲದವರು ಪೂರ್ವ ಬೆಂಗಳೂರಿನಲ್ಲಿ ವಿರಳ. ಒಮ್ಮೆ ತಪಾಸಣೆಗೆಂದು ಆ ಕಡೆ ಹೊರಟಿದ್ದ ನನ್ನ ಜೀಪೂ ಅರ್ಧ ಗಂಟೆ ಅಲ್ಲೇ ನಿಂತಿತ್ತು. ಅಂದು ಸಭೆಗೆ ತಡವಾಗಿ ಹೋದ ನನಗೆ ಯಾರೂ ಕೆಂಪು ಗುರುತು ಹಾಕಲಿಲ್ಲ. ಎದ್ದು ನಿಂತು ನಮಸ್ಕರಿಸಿದರು. ಹೀಗಿದ್ದೂ, ಆ ವರ್ಷದ ಗೋಪ್ಯ ವರದಿಯಲ್ಲಿ ಅವರಿಗೆ ‘ಉತ್ತಮ’ ಎಂದು ಬರೆದು, ಕೆಳಗೆ ‘ಸಮಯಪಾಲನೆಯಲ್ಲಿ ಸುಧಾರಣೆಗೆ ಅವಕಾಶವಿದೆ’ ಎಂದು ಒಂದು ಸಾಲು ಸೇರಿಸಿದೆ. ಅದು ಪ್ರತಿಕೂಲ ಷರಾ ಎಂದು ನನಗನ್ನಿಸಲಿಲ್ಲವಾದ್ದರಿಂದ ಅವರಿಗೆ ತಿಳಿಸಲೂ ಇಲ್ಲ. ಮುಂದಿನ ಬಡ್ತಿ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಬಡ್ತಿ ಸಿಕ್ಕಿದ್ದು ಮೂರು ವರ್ಷ ಕಳೆದ ಮೇಲೆ. ಆ ಒಂದು ಸಾಲೇ ಕಾರಣವೆಂದು ಸಾಧಿಸಲಾರೆ. ಕಾರಣವಲ್ಲವೆನ್ನುವ ಧೈರ್ಯವೂ ನನಗಿಲ್ಲ.

ಹೀಗೆ ಆದದ್ದು ನನ್ನೊಬ್ಬನ ಕೈಯಿಂದಲ್ಲ. ಗಡಿ ರಸ್ತೆಗಳ ಸೇವೆಯ ಎಂಜಿನಿಯರ್ ದೇವ್ ದತ್ ಅವರ ಐದು ವರ್ಷಗಳ ವರದಿಗಳಲ್ಲಿ ನಾಲ್ಕರಲ್ಲಿ ‘ಅತ್ಯುತ್ತಮ’, 1993–94ರ ಒಂದರಲ್ಲಿ ಮಾತ್ರ ‘ಉತ್ತಮ’ ಎಂದಿತ್ತು. ಬಡ್ತಿಗೆ ಐದೂ ವರ್ಷ ‘ಅತ್ಯುತ್ತಮ’ ಬೇಕಿತ್ತು. ತನಗೆ ‘ಉತ್ತಮ’ ಎಂದು ಬರೆದಿರುವುದೇ ಅವರಿಗೆ ತಿಳಿದಿರಲಿಲ್ಲ. ಹೊಗಳಿಕೆಯಂತೆ ಕಾಣುವ ಮಾತೂ ಬಡ್ತಿಗೆ ಅಡ್ಡಬಂದರೆ ಪ್ರತಿಕೂಲವೇ ಸರಿ, ಆದ್ದರಿಂದ ಪ್ರತಿಯೊಂದು ದರ್ಜೆಯನ್ನೂ ನೌಕರನಿಗೆ ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2008ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಮರುವರ್ಷ ಕೇಂದ್ರ ಸರ್ಕಾರ ಇಡೀ ವರದಿಯನ್ನೇ ನೌಕರರಿಗೆ ತೋರಿಸುವಂತೆ ಆದೇಶಿಸಿತು. ಮಕ್ಕಳ ಆಟವೊಂದು ಪ್ರತಿ ಪೆಟ್ಟಿಗೂ ಆ ಕ್ಷಣದಲ್ಲೇ ತಿಳಿಸುವುದನ್ನು ಸರ್ಕಾರದಿಂದ ಹೇಳಿಸಲು ಒಬ್ಬ ಎಂಜಿನಿಯರ್ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ಮರುದಿನ ನಾನು ಆ ಹಳೆಯ ಸಹೋದ್ಯೋಗಿಗೆ ದೂರವಾಣಿ ಮಾಡಿದೆ. ನಿವೃತ್ತರಾಗಿ ಊರಿನಲ್ಲೇ ಇದ್ದಾರೆ. ನಡೆದದ್ದನ್ನು, ಆ ಒಂದು ಸಾಲನ್ನು, ಮುಚ್ಚಿಡದೆ ಹೇಳಿದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ಅನಂತರ, ‘ಬಿಡಿ ಸಾರ್, ಹಳೇ ಕತೆ. ಗೇಟು ಹೋಯ್ತು, ಸೇತುವೆ ಬಂತು, ಈಗ ಮೆಟ್ರೊನೂ ಬಂತು. ಆದ್ರೆ ಆವಾಗ ಒಂದು ಮಾತು ಕೇಳಿದ್ದಿದ್ರೆ ಹೇಳ್ತಿದ್ದೆ’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಹಳೆಯ ಕತೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಸಂಜೆ ನಡೆದಾಡುವಾಗ, ಬೆನ್ನಿಗೆ ಊಟದ ಚೀಲ ಕಟ್ಟಿಕೊಂಡು ಬೈಕಿನ ಮೇಲೆ ಕಾಯುವ ಹುಡುಗರನ್ನು ದಿನವೂ ಕಾಣುತ್ತೇನೆ. ಅವರ ಹಾಜರಿ ಪುಸ್ತಕ ಅವರ ಕೈಯಲ್ಲಿರುವ ಮೊಬೈಲೇ. ಹೋಟೆಲಿನವರು ಪೊಟ್ಟಣ ಕಟ್ಟಲು ತಡಮಾಡಬಹುದು, ಹಲಸೂರಿನಲ್ಲಿ ವಾಹನಗಳು ಮಿಸುಕದೆ ನಿಂತಿರಬಹುದು, ಅಪಾರ್ಟ್‌ಮೆಂಟಿನ ಕಾವಲುಗಾರ ಲಿಫ್ಟಿಗೆ ಬಿಡದಿರಬಹುದು. ಬಾಗಿಲು ತೆರೆದ ನಾವು ನೋಡುವುದು ಗಡಿಯಾರವನ್ನು; ಕೊಡುವುದು ನಕ್ಷತ್ರಗಳ ದರ್ಜೆಯನ್ನು. ನಾನೂ ಎಷ್ಟೋ ಬಾರಿ ಯೋಚಿಸದೆ ಎರಡು ನಕ್ಷತ್ರ ಒತ್ತಿದ್ದೇನೆ.

ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ ಕಾಯ್ದೆ ತಂದಿತು. ಸ್ವಯಂಚಾಲಿತ ನಿಗಾ ಮತ್ತು ನಿರ್ಧಾರ ವ್ಯವಸ್ಥೆಗಳು ಪಾರದರ್ಶಕವಾಗಿರಬೇಕೆಂಬ ಮಾತು ಅದರಲ್ಲಿ ಸೇರಿರುವುದು ಸ್ವಾಗತಾರ್ಹ. ಅದನ್ನು ಜಾರಿಗೆ ತರುವ ನನ್ನ ಕಿರಿಯ ಅಧಿಕಾರಿ ಮಿತ್ರರಿಗೆ ಒಂದು ವಿನಂತಿ. ಸಮಯವನ್ನು ಅಳೆದು ಮನುಷ್ಯರಿಗೆ ದರ್ಜೆ ಕೊಡುವ ಯಾವುದೇ ವ್ಯವಸ್ಥೆಯನ್ನು ಮೂರು ಪ್ರಶ್ನೆ ಕೇಳಿ. ಗೆರೆ ಎಲ್ಲಿದೆಯೆಂದು ಮೊದಲೇ ಹೇಳಿದ್ದೀರಾ? ತೀರ್ಪನ್ನು ತೀರ್ಪಿಗೊಳಗಾದವನಿಗೆ ಆಗಲೇ ತಿಳಿಸಿದ್ದೀರಾ? ಅವನದಲ್ಲದ ತಡವನ್ನು ಅವನ ಲೆಕ್ಕದಿಂದ ಕಳೆದಿದ್ದೀರಾ? ಮೊದಲ ಎರಡಕ್ಕೆ ಉತ್ತರ ಕಾಗದದ ಮೇಲೆ ಸಿಗುತ್ತದೆ. ಮೂರನೆಯದಕ್ಕೆ ಆ ಮನುಷ್ಯನನ್ನೇ ಕರೆದು ಒಂದು ಮಾತು ಕೇಳಬೇಕಾಗುತ್ತದೆ. ನಾನು ಕೇಳಿರಲಿಲ್ಲ.