ಹಳೆಯ ಕಂಬಳಿಗೆ ಎಷ್ಟು, ಪಟ್ಟೆ ಸೀರೆಗೆ ಎಷ್ಟು? ಬೆಲೆ ಹುಡುಕುವ ಬಗೆ



ತಿರುಪ್ಪೂರಿನಲ್ಲಿ ಜವಳಿ ವಿಷಯ ಓದುತ್ತಿರುವ ನಮ್ಮ ಸದಸ್ಯರೊಬ್ಬರ ಮಗಳು ಈಚೆಗೆ ಒಂದು ಪ್ರಶ್ನೆ ಹಿಡಿದು ಬಂದಿದ್ದಳು. ಮಧ್ಯಯುಗದ ಯೂರೋಪಿನಲ್ಲಿ ಉಣ್ಣೆ ಬಟ್ಟೆಗೂ ರೇಷ್ಮೆ ಬಟ್ಟೆಗೂ ಏನು ಬೆಲೆ ಇತ್ತು ಎಂದು ಕಾಲೇಜಿಗೆ ಬರೆದು ಕೊಡಬೇಕಂತೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಯೂರೋಪು ಇರಲಿ ಕಣಮ್ಮ, ನಮ್ಮ ತಾತಂದಿರು ನೇಯ್ದ ಪಟ್ಟೆ ಸೀರೆಗೆ ಎಷ್ಟು ಸಿಗುತ್ತಿತ್ತು, ಅದನ್ನು ಮೊದಲು ಹೇಳು" ಅಂದರು. ನೋಡಿದರೆ ಎರಡು ಪ್ರಶ್ನೆಗೂ ಉತ್ತರ ಹುಡುಕುವ ದಾರಿ ಒಂದೇ. ಗುಮಾಸ್ತನಾಗಿ ಲೆಕ್ಕದ ಪುಸ್ತಕಗಳ ನಡುವೆಯೇ ಬದುಕಿದವನು ನಾನು, ಕೈ ಸುಮ್ಮನಿರಲಿಲ್ಲ. ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಹಳೆಯ ಬೆಲೆ ಕಂಡ ಕೂಡಲೇ "ಇವತ್ತಿನ ರೂಪಾಯಿಗೆ ಎಷ್ಟಾಯಿತು?" ಎಂದು ಎಲ್ಲರೂ ಕೇಳುತ್ತಾರೆ. ಆ ಲೆಕ್ಕ ಬೇಡ. ಚಿನ್ನದ ದರದಿಂದ ಗುಣಿಸಿದರೆ ಒಂದು ಉತ್ತರ ಬರುತ್ತದೆ, ಅಕ್ಕಿಯ ದರದಿಂದ ಗುಣಿಸಿದರೆ ಇನ್ನೊಂದು. ಅದಕ್ಕಿಂತ, ಆ ಬಟ್ಟೆ ಕೊಳ್ಳಲು ಆ ಕಾಲದ ಕೂಲಿಯವನು ಎಷ್ಟು ದಿನ ದುಡಿಯಬೇಕಿತ್ತು ಎಂದು ಕೇಳಿ. ಈ ಲೆಕ್ಕ ಯಾವ ದೇಶಕ್ಕೂ ಯಾವ ಕಾಲಕ್ಕೂ ಹೊಂದುತ್ತದೆ.

ಇಂಗ್ಲೆಂಡಿನದನ್ನೇ ನೋಡೋಣ. 1363ರಲ್ಲಿ ಅಲ್ಲಿ ಒಂದು ವಿಚಿತ್ರ ಕಾನೂನು ಬಂತು. ಯಾವ ದರ್ಜೆಯವರು ಎಷ್ಟು ಬೆಲೆಯ ಬಟ್ಟೆ ಉಡಬಹುದು ಎಂದು ಸರಕಾರವೇ ಗೆರೆ ಎಳೆಯಿತು. ಕಸುಬಿನವರು 40 ಷಿಲಿಂಗಿಗಿಂತ ಹೆಚ್ಚಿನ ಥಾನಿನ ಬಟ್ಟೆ ಉಡಬಾರದು, ರೇಷ್ಮೆಯಂತೂ ಮುಟ್ಟಲೇಬಾರದು. ನೇಗಿಲು ಹೊಡೆಯುವವರು, ಕುರಿ ಕಾಯುವವರು 12 ಪೆನ್ನಿಯ ಒರಟು ಕಂಬಳಿ ಬಟ್ಟೆಯಲ್ಲೇ ಇರಬೇಕು. ಕಾನೂನು ಬಹಳ ಕಾಲ ಬಾಳಲಿಲ್ಲ, ಬೇಗನೆ ರದ್ದಾಯಿತು. ಆದರೆ ಬೆಲೆಗಳು ಕಾಗದದಲ್ಲಿ ಉಳಿದುಕೊಂಡವು. ಇದಕ್ಕೆ 12 ವರ್ಷ ಮೊದಲು, 1351ರಲ್ಲಿ, ಕೂಲಿಗೂ ಮಿತಿ ಹಾಕಿದ್ದರು: ಕಲ್ಲು ಕೆತ್ತುವ ಮೇಸ್ತ್ರಿಗೆ ದಿನಕ್ಕೆ 4 ಪೆನ್ನಿ, ಹುಲ್ಲು ಒಣಗಿಸುವ ಕೂಲಿಗೆ 1 ಪೆನ್ನಿ.

ಈಗ ಲೆಕ್ಕ ಹಾಕಿ. ಷಿಲಿಂಗಿಗೆ 12 ಪೆನ್ನಿ, ಆದ್ದರಿಂದ 40 ಷಿಲಿಂಗು ಎಂದರೆ 480 ಪೆನ್ನಿ. ಥಾನು ಸುಮಾರು 24 ಗಜ. ಗಜಕ್ಕೆ 20 ಪೆನ್ನಿ ಆಯಿತು. ಮೇಸ್ತ್ರಿಗೆ ಐದು ದಿನದ ಸಂಬಳ, ಹುಲ್ಲಿನ ಕೂಲಿಗೆ 20 ದಿನದ್ದು, ಅದೂ ಒಂದು ಗಜಕ್ಕೆ! ಒಂದು ಅಂಗಿಯನ್ನು ಮೊಮ್ಮಕ್ಕಳವರೆಗೂ ಉಟ್ಟರು ಎಂದರೆ ಜಿಪುಣತನ ಅಲ್ಲ.

ಅಳತೆಯಲ್ಲಿ ಎಚ್ಚರ ಬೇಕು. ಅಲ್ಲಿ ಬಟ್ಟೆ ಅಳೆಯುವ 'ಎಲ್' ಇಂಗ್ಲೆಂಡಿನಲ್ಲಿ 45 ಅಂಗುಲ, ಫ್ಲಾಂಡರ್ಸಿನಲ್ಲಿ 27 ಅಂಗುಲ. ಹೆಸರು ಒಂದೇ, ಬಟ್ಟೆ ಬೇರೆ. ನಮ್ಮಲ್ಲೂ ಮೈಸೂರು ಸೀಮೆಯ ಕಚ್ಚಾ ಸೇರು 24 ರೂಪಾಯಿ ತೂಕ, ಪಕ್ಕಾ ಸೇರು ಅದಕ್ಕಿಂತ ಬಹಳ ಹೆಚ್ಚು. ಯಾವ ಸೇರು ಎಂದು ನೋಡದೆ ರೇಷ್ಮೆ ನೂಲಿನ ದರ ಹೇಳಿದರೆ ಇಡೀ ಲೆಕ್ಕವೇ ತಲೆಕೆಳಗು.

ರೇಷ್ಮೆಯ ಬೆಲೆಗೆ ಇನ್ನೂ ಹಿಂದೆ ಹೋಗುತ್ತೇನೆ, ಅಂಕಿ ಅಲ್ಲಿ ಸ್ಪಷ್ಟವಾಗಿದೆ. ರೋಮಿನ ಚಕ್ರವರ್ತಿ ಡಯೊಕ್ಲಿಷಿಯನ್ 301ರಲ್ಲಿ ಎಲ್ಲ ಸರಕಿಗೂ ಗರಿಷ್ಠ ಬೆಲೆ ಕಟ್ಟಿ ಕಲ್ಲಿನಲ್ಲಿ ಕೆತ್ತಿಸಿದ. ಒಂದು ಪೌಂಡು ಬಿಳಿ ರೇಷ್ಮೆಗೆ 12,000 ದಿನಾರಿಯಸ್. ನೇರಳೆ ಬಣ್ಣ ಕಟ್ಟಿದ ರೇಷ್ಮೆಗೆ 1,50,000. ಹೊಲದ ಕೂಲಿಗೆ ದಿನಕ್ಕೆ ಊಟ ಕೊಟ್ಟು 25. ಬಿಳಿ ರೇಷ್ಮೆಗೆ 480 ದಿನದ ದುಡಿಮೆ, ನೇರಳೆಗೆ 6,000 ದಿನದ್ದು. ನೂಲು ಅದೇ, ಹೆಚ್ಚಿದ್ದೆಲ್ಲ ಬಣ್ಣದ ಬೆಲೆ. ಯೂರೋಪಿನ ಉಣ್ಣೆಯಲ್ಲೂ ಹೀಗೇ. ಸ್ಕಾರ್ಲೆಟ್ ಎಂಬ ಕೆಂಪು ಉಣ್ಣೆ ಬಟ್ಟೆಗೆ ಓಕ್ ಮರದ ಒಂದು ಹುಳದಿಂದ ಬಣ್ಣ ತೆಗೆಯುತ್ತಿದ್ದರು. ಅದರ ಖರ್ಚಿನಿಂದಾಗಿ ಆ ಉಣ್ಣೆ ರೇಷ್ಮೆಯ ಸಾಲಿಗೆ ನಿಲ್ಲುತ್ತಿತ್ತು.

ನಮ್ಮ ದೇಶದಲ್ಲಿ ಅಕ್ಬರನ ಕಾಲದ 'ಐನ್-ಇ-ಅಕ್ಬರಿ'ಯಲ್ಲಿ ಬಟ್ಟೆಯ ದರಪಟ್ಟಿಯೇ ಇದೆ. ಕಂಬಳಿಗೆ 10 ದಾಮಿನಿಂದ 2 ರೂಪಾಯಿ. ಪರದೇಶದ ಕೆಂಪು ಉಣ್ಣೆ ಬಟ್ಟೆಗೆ ಗಜಕ್ಕೆ ಎರಡೂವರೆ ರೂಪಾಯಿಯಿಂದ 4 ಮೊಹರು, ಅಂದರೆ ಸುಮಾರು 36 ರೂಪಾಯಿಯವರೆಗೆ. ಆಗ ರೂಪಾಯಿಗೆ 40 ದಾಮು, ಸಾಧಾರಣ ಕೂಲಿ ದಿನಕ್ಕೆ 2 ದಾಮು. ಅಗ್ಗದ ಕಂಬಳಿಗೆ ಐದು ದಿನದ ಕೂಲಿ ಸಾಕು.

ಕಂಬಳಿ ಯಾಕೆ ಅಗ್ಗ? ನಮ್ಮ ಕಡೆಯ ಕುರಿಯನ್ನೇ ನೋಡಿ. ಸರಕಾರಿ ಪುಸ್ತಕಗಳಲ್ಲಿ 'ಕೊಯಮತ್ತೂರು ಕುರಿ' ಎಂದು ಬರೆಯುವ ತಳಿಗೆ ಹಳ್ಳಿಯಲ್ಲಿ 'ಕುರುಂಬೈ' ಎನ್ನುತ್ತಾರೆ. ಅದರ ಉಣ್ಣೆ ಒರಟು. ಕರಿಯದಾದರೆ ಬಣ್ಣವೇ ಬೇಡ, ಹಾಗೇ ನೇಯಬಹುದು. ಇನ್ನೊಂದು ಕಾರಣವೂ ಇದೆ. ನೂಲು ತೆಗೆಯುತ್ತಿದ್ದವರು ಮನೆಯ ಹೆಂಗಸರು, ಅವರ ಕೈಕೆಲಸಕ್ಕೆ ಯಾರೂ ಕೂಲಿ ಹಿಡಿಯಲಿಲ್ಲ. ಹಳೆಯ ದರಪಟ್ಟಿಗಳಲ್ಲಿ ಕಂಬಳಿಯ ಬೆಲೆ ಕಡಿಮೆ ಎನಿಸಿದಾಗ ಆ ಲೆಕ್ಕಕ್ಕೆ ಸೇರದ ದುಡಿಮೆಯನ್ನೂ ನೆನೆಯಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಹಿರಿಯರು ಕೇಳಿದ ಪ್ರಶ್ನೆ. ವಿಜಯನಗರದ ಕಾಲದ ಶಾಸನಗಳಲ್ಲಿ ನೇಕಾರರ ಮಾತು ಬೇಕಾದಷ್ಟಿದೆ. ಮಗ್ಗದ ಮೇಲಿನ ತೆರಿಗೆಗೆ ಕನ್ನಡದಲ್ಲಿ ಮಗ್ಗದೆರೆ, ತಮಿಳಿನಲ್ಲಿ ತರಿ ಇರೈ. ವಿಜಯಾ ರಾಮಸ್ವಾಮಿಯವರು ಮಧ್ಯಯುಗದ ದಕ್ಷಿಣ ಭಾರತದ ಜವಳಿ ಮತ್ತು ನೇಕಾರರ ಬಗ್ಗೆ ಬರೆದ ಪುಸ್ತಕದಲ್ಲಿ ಇವನ್ನೆಲ್ಲ ಕೂಡಿಸಿದ್ದಾರೆ. ಆದರೆ ಶಾಸನ ಹೇಳುವುದು ಹೆಚ್ಚಾಗಿ ಅರಮನೆಗೆ, ದೇವಸ್ಥಾನಕ್ಕೆ ಎಷ್ಟು ಸಲ್ಲಬೇಕು ಎಂಬುದನ್ನು. ಸೀರೆ ಎಷ್ಟಕ್ಕೆ ಹೋಯಿತು ಎಂಬುದು ಅಪರೂಪ.

1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು, ಮೈಸೂರು ಸೀಮೆ ನೋಡಿ, ಸತ್ಯಮಂಗಲ, ಕೊಯಮತ್ತೂರುಗಳ ಮೂಲಕ ಪಾಲಕ್ಕಾಡಿನ ಕಡೆಗೆ ಹೋದ. ಹೋದಲ್ಲೆಲ್ಲ ಮಗ್ಗ, ನೂಲು, ಬಟ್ಟೆ, ಕೂಲಿಗಳನ್ನು ವಿಚಾರಿಸಿ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ನಿಕೊಲ್ಸನ್ನನ ಕೊಯಮತ್ತೂರು ಜಿಲ್ಲಾ ಕೈಪಿಡಿ 1887ರದು. ಮುಂದೆ ಎಡ್ಗರ್ ಥರ್ಸ್ಟನ್ ಮದರಾಸು ಪ್ರಾಂತ್ಯದ ಉಣ್ಣೆಯ ಮೇಲೂ ರೇಷ್ಮೆಯ ಮೇಲೂ ಬೇರೆ ಬೇರೆ ವರದಿ ಬರೆದ. ಇವನ್ನು ಓದುವಾಗ ಕಂಠೀರಾಯ ಹಣವೋ, ವೀರರಾಯ ಹಣವೋ, ಕಂಪನಿ ರೂಪಾಯಿಯೋ ಎಂದು ಪ್ರತಿ ಸಲವೂ ನೋಡಿಕೊಳ್ಳಬೇಕು.

ಆದರೂ ಇವರೆಲ್ಲ ಹೊರಗಿನಿಂದ ಬಂದು ಕೇಳಿದವರು. ಯೂರೋಪಿನ ವಿದ್ವಾಂಸರಿಗೆ ಬೆಲೆ ಇಷ್ಟು ಚೆನ್ನಾಗಿ ಗೊತ್ತಾದದ್ದಕ್ಕೆ ಒಂದು ಕಾರಣ ಇಟಲಿಯ ಪ್ರಾತೋ ಊರಿನ ವ್ಯಾಪಾರಿ ಫ್ರಾಂಚೆಸ್ಕೊ ದಾತೀನಿ. 1410ರಲ್ಲಿ ತೀರಿಕೊಂಡ ಈತ ಒಂದು ಚೀಟಿಯನ್ನೂ ಎಸೆಯಲಿಲ್ಲ. 1870ರಲ್ಲಿ ಆತನ ಮನೆಯ ಮೆಟ್ಟಿಲ ಸಂದಿಯಲ್ಲಿ ಸುಮಾರು ಒಂದೂವರೆ ಲಕ್ಷ ಪತ್ರಗಳೂ ನೂರಾರು ಲೆಕ್ಕದ ಪುಸ್ತಕಗಳೂ ಸಿಕ್ಕವು. ಉಣ್ಣೆ, ರೇಷ್ಮೆ, ಸಾಗಣೆ, ಸುಂಕ ಎಲ್ಲವೂ ಅದರಲ್ಲಿತ್ತು.

ನೆಗಮಂ, ಸಿರುಮುಗೈ, ಪಲ್ಲಡಂ ಕಡೆಯ ನಮ್ಮ ದೇವಾಂಗ ಮನೆಗಳ ಅಟ್ಟದ ಮೇಲೂ ಅಂಥ ಚಿಟ್ಟೆಗಳಿವೆ. ಮನೆ ಒಡೆದು ಕಟ್ಟುವಾಗ ಹಳೆಯ ಪೇಪರಿನ ಅಂಗಡಿಗೆ ಕಿಲೋ ಲೆಕ್ಕದಲ್ಲಿ ಹೋಗುತ್ತಿವೆ. ದಯವಿಟ್ಟು ಹಾಕಬೇಡಿ. ನೇಕಾರನ ಚಿಟ್ಟೆಯಲ್ಲಿ ಸಾಮಾನ್ಯವಾಗಿ ಸೀರೆಯ ಅಂಗಡಿ ಬೆಲೆ ಇರುವುದಿಲ್ಲ. ಯಜಮಾನರಿಂದ ಬಂದ ನೂಲಿನ ತೂಕ, ಮರಳಿಸಿದ ಸೀರೆ, ಕೈಗೆ ಬಂದ ಕೂಲಿ, ಕಳೆದುಕೊಂಡ ಮುಂಗಡ ಇಷ್ಟಿರುತ್ತದೆ. ಹಿರಿಯರು ಕೇಳಿದ್ದಕ್ಕೆ ಉತ್ತರ ಅಲ್ಲಿಯೇ ಇದೆ. 2–8–0 ಎಂದಿದ್ದರೆ ಎರಡು ರೂಪಾಯಿ ಎಂಟಾಣೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ನೂರು ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲಿನಿಂದ.

ಸಿಕ್ಕಿದ ಪುಸ್ತಕದ ಹೊಲಿಗೆ ಬಿಚ್ಚಬೇಡಿ, ಪ್ಲಾಸ್ಟಿಕ್ ಅಂಟಿಸಬೇಡಿ. ಹಾಳೆ ಹಾಳೆಯಾಗಿ ಫೋಟೋ ತೆಗೆದು, ಯಾರ ಮನೆ, ಯಾವ ಊರು, ಸುಮಾರು ಯಾವ ಕಾಲ ಎಂದು ಬೇರೆ ಕಾಗದದಲ್ಲಿ ಬರೆದು ತಿಂಗಳ ಸಭೆಗೆ ತನ್ನಿ. ಮನೆಮಾತು ಕನ್ನಡವಾದರೂ ಹಳಬರ ಲೆಕ್ಕ ಬಹಳ ಕಡೆ ತಮಿಳು ಅಂಕಿಯಲ್ಲಿದೆ, ಅರೈಕ್ಕಾಲ್, ಮಾಕಾಣಿ ಎಂಬ ಗುರುತುಗಳೊಂದಿಗೆ. ಅದನ್ನು ಓದಬಲ್ಲವರು ನಮ್ಮ ಸಂಘದಲ್ಲಿ ಈಗ ಇಬ್ಬರೇ ಇದ್ದಾರೆ. ಒಬ್ಬರಿಗೆ ಕಣ್ಣು ಮಂಜಾಗಿದೆ, ಅದಕ್ಕಾಗಿ ಫೋಟೋ ದೊಡ್ಡದಾಗಿ ಬರುವಂತೆ ತೆಗೆಯಿರಿ.